ಎರೆನೆಲದ ಶೆಡ್ಡಿಗೊಂದು ವೆಲ್ಡಿಂಗ್ ಪಾಯಿಂಟ್

ಮುಂಗಾರಿ ಬಿತ್ತಿಗೆ ಹತ್ತಿರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವೆಲ್ಡಿಂಗ್ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಹಲ್ಲು ಮುರಿದ ಕಲ್ಟಿವೇಟರ್, ತಳ ಕಿತ್ತ ಟ್ರೇಲರ್, ಸೀಳು ಬಿಟ್ಟ ಕೂರಿಗೆ ಎಲ್ಲವೂ ಸರದಿಯಲ್ಲಿ ನಿಂತಿರುತ್ತವೆ. ಹದ ಆರುವ ಮೊದಲು ತೊಗರಿ ಬಿತ್ತಬೇಕಾದ ರೈತನಿಗೆ ‘ನಾಳೆ ಬಾ’ ಎಂಬ ಮಾತು ಕೇಳಿಸಿಕೊಂಡು ಕೂರಲು ಆಗುವುದಿಲ್ಲ. ಹೀಗಾಗಿ ಹೊಲದ ಮನೆಗಳಲ್ಲಿ, ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡುಗಳಲ್ಲಿ ಸ್ವಂತದ ವೆಲ್ಡಿಂಗ್ ಮಷಿನ್ ಬಂದು ಕೂತಿದೆ. ಹಿಂದಿನ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಮಷಿನನ್ನು ಎತ್ತಲು ಇಬ್ಬರು ಬೇಕಿತ್ತು. ಈಗಿನ ಇನ್ವರ್ಟರ್ ಮಷಿನ್ ಹೆಗಲಿಗೆ ನೇತುಹಾಕಿಕೊಂಡು ದ್ರಾಕ್ಷಿ ಪಡದ ತುದಿಯ ಕಂಬದವರೆಗೂ ಒಯ್ಯುವಷ್ಟು ಹಗುರ. ರೈತ ತನ್ನ ಕಬ್ಬಿಣದ ಕೆಲಸ ತಾನೇ ಕಲಿತು ಮಾಡಿಕೊಳ್ಳುವುದು ಒಳ್ಳೆಯ ಬೆಳವಣಿಗೆ ಎಂದೇ ನನ್ನ ಎಣಿಕೆ.

ನನ್ನ ಚಿಂತೆ ಮಷಿನಿನದಲ್ಲ, ಅದನ್ನು ಸಿಕ್ಕಿಸುವ ಜಾಗದ್ದು. ಅನೇಕ ಶೆಡ್ಡುಗಳಲ್ಲಿ ಆ ಜಾಗ ನೋಡಿದರೆ ಎದೆ ಝಲ್ಲೆನ್ನುತ್ತದೆ. ಗೋಡೆಗೆ ಹಳೆಯ ಕಟ್ಟಿಗೆಯ ಹಲಗೆ, ಅದರ ಮೇಲೆ ನೀರಿನ ಮೋಟಾರಿಗೆಂದು ಹಾಕಿಸಿದ್ದ ಮೂರು ತೂತಿನ ಸಾಕೆಟ್. ಮಷಿನಿಗೆ ಪ್ಲಗ್ ಇಲ್ಲ; ತುದಿ ಸುಲಿದ ಎರಡು ತಂತಿಗಳನ್ನು ಕೆಳಗಿನ ಎರಡು ತೂತಿಗೆ ತೂರಿಸಿ, ಜಾರದಂತೆ ಬೆಂಕಿಕಡ್ಡಿ ಹೆಟ್ಟಿರುತ್ತಾರೆ. ಬಲಗಡೆಯ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿ, ಅಂಚು ಕರಗಿ ಒಳಗೆ ಬಾಗಿರುತ್ತದೆ. ಮೇಲಿನ ದೊಡ್ಡ ತೂತು, ಅಂದರೆ ಅರ್ಥಿಂಗಿನದು, ಹೊಸದರಂತೆ ಬೆಳ್ಳಗೆ ಉಳಿದಿರುತ್ತದೆ. ಅದಕ್ಕೆ ಏನನ್ನೂ ಜೋಡಿಸಿಯೇ ಇಲ್ಲ. ಮಷಿನಿನ ಹಸಿರು ತಂತಿಯನ್ನು ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿರುತ್ತಾರೆ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳಲ್ಲೂ ಗ್ಯಾರೇಜಿನಲ್ಲಿ ವೆಲ್ಡಿಂಗ್ ಹವ್ಯಾಸ ಹಿಡಿದವರು ಇದ್ದಾರೆ. ಅವರ ಮೊದಲ ತೊಡಕು ಬೇರೆ. ಅಲ್ಲಿನ ಮನೆಯ ಸಾಮಾನ್ಯ ಸಾಕೆಟ್ 120 ವೋಲ್ಟಿನದು. ದೊಡ್ಡ ಮಷಿನಿಗೆ ಗ್ಯಾರೇಜಿಗೆ ಬೇರೆಯೇ 240 ವೋಲ್ಟಿನ, 50 ಆಂಪಿಯರಿನ ಸಾಕೆಟ್ ಎಳೆಸಬೇಕು. ಎಳೆಸುವಾಗಲೇ ತಂತಿಯ ದಪ್ಪ, ಬ್ರೇಕರ್, ಅರ್ಥ್ ಎಲ್ಲದರ ಲೆಕ್ಕ ಬರುತ್ತದೆ. ನಮ್ಮಲ್ಲಿ ದೇವರ ಜಗುಲಿಯ ದೀಪಕ್ಕೂ 230 ವೋಲ್ಟ್, ವೆಲ್ಡಿಂಗ್ ಮಷಿನಿಗೂ 230 ವೋಲ್ಟ್. ವೋಲ್ಟೇಜ್ ಹೊಂದುತ್ತದೆ ಎನ್ನುವ ಒಂದೇ ಕಾರಣಕ್ಕೆ ಎಲ್ಲಿ ಬೇಕಾದರೂ ಸಿಕ್ಕಿಸಬಹುದು ಎಂದು ತಿಳಿಯುತ್ತೇವೆ. ವೋಲ್ಟ್ ಒಂದೇ ಇದ್ದರೂ ಆಂಪಿಯರ್ ಒಂದೇ ಅಲ್ಲ. ಸಾಕೆಟ್ ಸುಡುವುದು ಅಲ್ಲಿಂದಲೇ.

ಲೆಕ್ಕ ಹಾಕಿ ನೋಡೋಣ. ನಮ್ಮ ಕಡೆ ಹೆಚ್ಚು ಓಡುವುದು ಹತ್ತು ನಂಬರ್ ರಾಡು, ಅಂದರೆ 3.15 ಮಿ.ಮೀ. ದಪ್ಪದ್ದು. ಅದಕ್ಕೆ 90ರಿಂದ 130 ಆಂಪಿಯರ್ ಬೇಕು. 100 ಆಂಪಿಯರಿನಲ್ಲಿ ಕಿಡಿಯ ಎರಡು ತುದಿಗಳ ನಡುವೆ ಸುಮಾರು 24 ವೋಲ್ಟ್ ಇರುತ್ತದೆ. ಅಲ್ಲಿಗೆ 2.4 ಕಿಲೋವಾಟ್. ಮಷಿನಿನ ಒಳಗೆ ಕಾವಾಗಿ ಕಳೆದುಹೋಗುವುದನ್ನು ಸೇರಿಸಿದರೆ 2.8. ಅಗ್ಗದ ಇನ್ವರ್ಟರುಗಳ ಪವರ್ ಫ್ಯಾಕ್ಟರ್ 0.7ರ ಆಸುಪಾಸು ಇರುವುದರಿಂದ ಗೋಡೆಯ ಸಾಕೆಟ್ಟಿನಿಂದ ಅದು 17 ಆಂಪಿಯರಿಗೂ ಮೇಲೆ ಎಳೆಯುತ್ತದೆ. ನಾವು ಪವರ್ ಪ್ಲಗ್ ಎಂದು ಕರೆಯುವ ದೊಡ್ಡ ಸಾಕೆಟ್ಟಿನ ಮಿತಿ 16 ಆಂಪಿಯರ್. ಹತ್ತು ನಂಬರ್ ರಾಡಿನ ಸಾಧಾರಣ ಕೆಲಸಕ್ಕೇ ಅದು ಮಿತಿ ದಾಟಿತು. ಟ್ರೇಲರಿನ ಚಾಸಿಗೆ ಎಂಟು ನಂಬರ್ ರಾಡು ಹಿಡಿದು ಮಷಿನಿನ ಗುಂಡಿಯನ್ನು 180ಕ್ಕೆ ತಿರುಗಿಸಿದರೆ 35 ಆಂಪಿಯರ್ ಆಗುತ್ತದೆ. ಊರಿನ ಲೈನಿನ ತುದಿಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಕುಸಿದಾಗ ಅದೇ ಕೆಲಸಕ್ಕೆ ಮಷಿನ್ ಇನ್ನೂ ಹೆಚ್ಚು ಎಳೆಯುತ್ತದೆ.

ಹನ್ನೆರಡು ನಂಬರ್ ರಾಡಿನಲ್ಲಿ, 80 ಆಂಪಿಯರಿನ ಒಳಗೆ ಕಿಟಕಿ ಗ್ರಿಲ್ಲು, ಕೊಟ್ಟಿಗೆ ಬಾಗಿಲು ಬೆಸೆದುಕೊಂಡು ಇರುತ್ತೇನೆ ಎನ್ನುವವರಿಗೆ ಒಳ್ಳೆಯ 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪಿಯರಿನ ಎಂಸಿಬಿ ಸಾಕು. ಅದಕ್ಕಿಂತ ದೊಡ್ಡ ಕೆಲಸ ಮಾಡುವವರು ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಬೇಕು: 32 ಆಂಪಿಯರಿನ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್, 6 ಚದರ ಮಿ.ಮೀ. ತಾಮ್ರದ ತಂತಿ, 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿ. ಆ ನೀಲಿ ಸಾಕೆಟ್ಟಿನ ಪ್ಲಗ್ ದುಂಡಗೆ ದಪ್ಪಗಿರುತ್ತದೆ, ಮುಚ್ಚಳ ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ, ತಪ್ಪು ದಿಕ್ಕಿನಲ್ಲಿ ಹೋಗುವುದೇ ಇಲ್ಲ. ನಾಲ್ಕು ಕಾಸು ಹೆಚ್ಚಾದರೂ ಬೆಂಕಿಕಡ್ಡಿಯ ಕಾರುಬಾರು ಅಲ್ಲಿಗೆ ಮುಗಿಯುತ್ತದೆ.

ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ಮೀಟರ್ ಇರುವ ಪಡಸಾಲೆಯಿಂದ ಶೆಡ್ಡಿಗೆ 30 ಮೀಟರ್ ದೂರ ಎಂದುಕೊಳ್ಳಿ. ಹೋಗಿ ಬರುವ ದಾರಿ ಸೇರಿ 60 ಮೀಟರ್ ತಂತಿ. 2.5ರ ತಾಮ್ರದಲ್ಲಿ 32 ಆಂಪಿಯರ್ ಹರಿಸಿದರೆ ದಾರಿಯಲ್ಲೇ 14 ವೋಲ್ಟ್ ಸೋರಿ, 450 ವಾಟಿನಷ್ಟು ಕಾವು ಗೋಡೆಯೊಳಗಿನ ಪೈಪಿನಲ್ಲಿ ಹುಟ್ಟುತ್ತದೆ. ಅದೇ 6ರ ತಂತಿಯಲ್ಲಿ ನಷ್ಟ 6 ವೋಲ್ಟಿಗೆ ಇಳಿಯುತ್ತದೆ. ನಮ್ಮ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಗಾಳಿ ಅದಕ್ಕಿಂತ ಬಿಸಿ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿಯವರೆಗೆ. ಬೆಂಗಳೂರಿನ ಲೆಕ್ಕದಲ್ಲಿ ಸಾಕಾಗುವ ತಂತಿ ನಮ್ಮ ಮೇ ತಿಂಗಳಿಗೆ ಸಾಕಾಗದೆ ಹೋಗಬಹುದು. ಅಲ್ಯೂಮಿನಿಯಂ ತಂತಿ ಅಗ್ಗವೆಂದು ಎಳೆಸುವವರಿಗೆ ಒಂದೇ ಮಾತು: ಅದೇ ದಪ್ಪದಲ್ಲಿ ಅದರ ತಡೆ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಸ್ಕ್ರೂ ಕೆಳಗೆ ಅದು ನಿಧಾನವಾಗಿ ಸಡಿಲಗೊಳ್ಳುತ್ತದೆ, ಸಡಿಲಾದಲ್ಲಿ ಕಿಡಿ ಹುಟ್ಟುತ್ತದೆ.

ಇಲ್ಲಿಯವರೆಗೆ ಹೇಳಿದ್ದು, ಬಿಸಿಲೊಂದನ್ನು ಬಿಟ್ಟರೆ, ಯಾವ ಊರಿಗಾದರೂ ಸಲ್ಲುವ ಮಾತು. ನಮ್ಮ ನಾಲ್ಕು ತಾಲೂಕುಗಳಿಗೇ ಸೇರಿದ ವಿಷಯ ನೆಲದೊಳಗಿದೆ.

ಮಷಿನಿನ ಒಳಗೆ ಫೇಸ್ ತಂತಿಯ ಹೊದಿಕೆ ತಿಂದುಹೋಗಿ ಅದು ತಗಡಿನ ಮೈಗೆ ತಾಗಿತು ಎನ್ನೋಣ. ಅರ್ಥ್ ತಂತಿ ಇದ್ದರೆ ಕರೆಂಟು ಅದರ ಮೂಲಕ ನೆಲಕ್ಕಿಳಿದು ಫ್ಯೂಸು ಹಾರುತ್ತದೆ, ನಮಗೇನೂ ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ. ನೆಲಕ್ಕಿಳಿದ ಕರೆಂಟು ಊರ ಟ್ರಾನ್ಸ್‌ಫಾರ್ಮರಿನ ಅರ್ಥಿಂಗಿಗೆ ಮಣ್ಣಿನ ಮೂಲಕ ನಡೆದು ಮರಳಬೇಕು. ಆ ಮಣ್ಣು ಎಷ್ಟು ದಾರಿ ಕೊಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಡೋಣಿ ದಂಡೆಯ, ಭೀಮಾ ತೀರದ ಎರೆಮಣ್ಣು ಹಸಿಯಿದ್ದಾಗ ಕರೆಂಟಿಗೆ ಬಹಳ ಒಳ್ಳೆಯ ದಾರಿ. ಭಾರತೀಯ ಮಾನಕ ಸಂಸ್ಥೆಯ ಅರ್ಥಿಂಗ್ ಸಂಹಿತೆ ಐಎಸ್ 3043 ಹೇಳುವ ಎರಡೂವರೆ ಮೀಟರ್ ಉದ್ದದ, 38 ಮಿ.ಮೀ. ಒಳವ್ಯಾಸದ ಜಿಐ ಪೈಪನ್ನು ಅಂಥ ನೆಲದಲ್ಲಿ ಹೂತರೆ ತಡೆ ಮೂರು ಓಮ್‌ನಷ್ಟೇ ಬರಬಹುದು. ಅದೇ ಪೈಪನ್ನು ಕಲ್ಲು-ಗರಸಿನ ಮಡ್ಡಿ ನೆಲದಲ್ಲಿ ಹೂತರೆ 30 ಓಮ್ ದಾಟುತ್ತದೆ. ಮಡ್ಡಿಯಲ್ಲಿ ಮನೆ ಕಟ್ಟಿದವರ ಲೆಕ್ಕ ಹೀಗಾಯಿತು: 230 ವೋಲ್ಟನ್ನು 30ರಿಂದ ಭಾಗಿಸಿದರೆ ಏಳೂವರೆ ಆಂಪಿಯರ್. 32 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದು ಬೀಳುವುದಿಲ್ಲ, ಮಷಿನಿನ ಮೈ 200 ವೋಲ್ಟಿನ ಆಸುಪಾಸಿನಲ್ಲಿ ಹಾಗೇ ಕೂತಿರುತ್ತದೆ.

ಎರೆಯಲ್ಲಿ ಮನೆ ಕಟ್ಟಿದವರು ನಿಶ್ಚಿಂತರೇ? ಅವರ ಪೈಪಿನದು 3 ಓಮ್, ಟ್ರಾನ್ಸ್‌ಫಾರ್ಮರಿನ ಅರ್ಥಿಂಗಿನದೂ 3 ಎಂದಿಟ್ಟುಕೊಂಡರೆ 38 ಆಂಪಿಯರ್ ಹರಿಯುತ್ತದೆ. ಸಿ ವರ್ಗದ 32ರ ಎಂಸಿಬಿ ಕ್ಷಣದಲ್ಲಿ ಬೀಳಲು ಕನಿಷ್ಠ 160 ಆಂಪಿಯರ್ ಬೇಕು. 38ಕ್ಕೆ ಅದು ಒಂದು ಗಂಟೆಯಾದರೂ ಬೀಳದಿರಬಹುದು. ಅಷ್ಟು ಹೊತ್ತೂ ಮಷಿನಿನ ಮೈಯಲ್ಲಿ 115 ವೋಲ್ಟ್ ಇರುತ್ತದೆ. ಬೆವರಿದ ಕೈ, ಬರಿಗಾಲು ಇದ್ದವರಿಗೆ ಅಷ್ಟೇ ಸಾಕು.

ಆದ್ದರಿಂದ ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ ವೆಲ್ಡಿಂಗ್ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲು ಬೇರೆ ದಾರಿ ಹಿಡಿದರೂ, ಅದು ಪೈಪಿನ ದಾರಿಯಿರಲಿ, ಮನುಷ್ಯನ ಮೈಯಿರಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಮಡ್ಡಿಯ 30 ಓಮ್ ಅರ್ಥಿಂಗಿನಲ್ಲೂ ಕೆಲಸ ಮಾಡುವುದು ಇದೊಂದೇ. ಇನ್ವರ್ಟರ್ ಮಷಿನಿಗೆ ‘ಎ’ ಮಾದರಿಯದನ್ನು ಕೇಳಿ ತರಬೇಕು. ಆ ಮಷಿನಿನ ಸೋರಿಕೆಯಲ್ಲಿ ನೇರ ವಿದ್ಯುತ್ತಿನ ಅಂಶ ಸೇರಿರುವುದರಿಂದ ಹಳೆಯ ‘ಎಸಿ’ ಮಾದರಿ ಕೆಲವೊಮ್ಮೆ ಅದನ್ನು ಗುರುತಿಸುವುದಿಲ್ಲ. ಆರ್‌ಸಿಸಿಬಿಯ ಮೈಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಪದೇಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡುವ ವೈರ್‌ಮನ್‌ಗಳು ಇದ್ದಾರೆ. ಅಂಥವರ ಕೈಗೆ ಮನೆಯ ಬೋರ್ಡು ಕೊಡಬೇಡಿ.

ಎರೆಮಣ್ಣಿಗೆ ಇನ್ನೊಂದು ಗುಣವಿದೆ, ರೈತರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಬೆಳೆ ಬೇರು ಹರಿಯುವ ಆ ಬಿರುಕೇ ಅರ್ಥ್ ಪೈಪಿನ ಸುತ್ತಲೂ ಬೀಳುತ್ತದೆ. ಮೇಲಿನ ಒಂದು ಮೀಟರಿನಷ್ಟು ಪೈಪು ಮಣ್ಣಿನಿಂದ ಬಿಡಿಸಿಕೊಂಡು ಗಾಳಿಯಲ್ಲಿ ನಿಂತಂತಾಗುತ್ತದೆ. ಉಳಿದ ಮಣ್ಣೂ ಒಣಗಿ ತಡೆ ಏರುತ್ತದೆ. ಆಷಾಢದಲ್ಲಿ ಮೂರು ಓಮ್ ತೋರಿಸಿದ ಪೈಪು ಚೈತ್ರದಲ್ಲಿ ಅದೇ ಆಗಿ ಉಳಿಯುವುದಿಲ್ಲ. ಇದ್ದಿಲು-ಉಪ್ಪು ಪದರ ಪದರವಾಗಿ ತುಂಬುವ ಪದ್ಧತಿ ಹಳೆಯದು, ತಕ್ಷಣಕ್ಕೆ ಫಲವೂ ಉಂಟು. ಆದರೆ ಉಪ್ಪು ಮಳೆಗಾಲ ಕಳೆದಂತೆ ತೊಳೆದುಹೋಗುತ್ತದೆ, ಜಿಐ ಪೈಪನ್ನೂ ತಿನ್ನುತ್ತದೆ. ಪೇಟೆಯಲ್ಲಿ ಈಗ ಬೆಂಟೊನೈಟ್ ಪುಡಿಯ ಚೀಲ ಸಿಗುತ್ತದೆ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ನಮ್ಮ ಎರೆಮಣ್ಣನ್ನು ಉಬ್ಬಿಸಿ ಕುಗ್ಗಿಸುವ ಜೇಡಿಯೂ ಅದೇ. ಒಣಗಿದರೆ ಅದೂ ಬಿರಿಯುತ್ತದೆ. ಹಾಗಾಗಿ ಪುಡಿಗೆ ದುಡ್ಡು ಸುರಿಯುವುದಕ್ಕಿಂತ ಬಿರುಕು ಮುಟ್ಟದ ಆಳಕ್ಕೆ, ಮೂರು ಮೀಟರಿಗೆ ಪೈಪು ಇಳಿಸುವುದು ಲೇಸು. ಸಾಲದಿದ್ದರೆ ಎರಡನೆಯದನ್ನು ಮೊದಲನೆಯದರಿಂದ ಅದರ ಉದ್ದದಷ್ಟಾದರೂ ದೂರದಲ್ಲಿ ಹೂತು ಎರಡನ್ನೂ ಜೋಡಿಸಬೇಕು. ಜಾಗವನ್ನು ಬಚ್ಚಲ ನೀರು ಹರಿಯುವ ಕಡೆ, ಗೋಡೆಯಿಂದ ಒಂದೂವರೆ ಮೀಟರ್ ಆಚೆ ಆರಿಸಿಕೊಳ್ಳಬೇಕು. ಹಿತ್ತಲಲ್ಲಿ ಬಾಳೆಗಿಡ ನೆಡುವ ಜಾಗವನ್ನು ಹಿರಿಯರು ಹೇಗೆ ಆರಿಸುತ್ತಿದ್ದರೋ ಹಾಗೆ.

ವೆಲ್ಡಿಂಗ್ ಮಾಡುವವರೆಲ್ಲ ‘ಅರ್ಥ್’ ಎಂದು ಕರೆಯುವ ಇನ್ನೊಂದು ತಂತಿಯಿದೆ, ಕೆಲಸದ ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪಿನದು. ಅದಕ್ಕೂ ನೆಲದ ಪೈಪಿಗೂ ಸಂಬಂಧವಿಲ್ಲ. ಅದು ರಾಡಿನಿಂದ ಹೊರಟ ನೂರು ಆಂಪಿಯರ್ ಮಷಿನಿಗೆ ಮರಳುವ ದಾರಿ. ಈ ಎರಡನ್ನೂ ಒಂದೆಂದು ತಿಳಿದು ಕ್ಲ್ಯಾಂಪನ್ನು ಶೆಡ್ಡಿನ ಕಂಬಕ್ಕೆ ಕಚ್ಚಿಸಿ, ದೂರದ ಗೇಟಿನ ಮೇಲೆ ಬೆಸುಗೆ ಹಾಕುವವರನ್ನು ಕಾಣುತ್ತೇವೆ. ಆಗ ಆ ನೂರು ಆಂಪಿಯರ್ ತನಗೆ ಸಿಕ್ಕ ದಾರಿ ಹಿಡಿಯುತ್ತದೆ. ಅಲ್ಲೇ ಕಬ್ಬಿಣಕ್ಕೆ ಒರಗಿಸಿಟ್ಟ ಗ್ರೈಂಡರಿನ ತೆಳ್ಳನೆಯ ಹಸಿರು ತಂತಿಯೂ ಆ ದಾರಿಯಾಗಬಹುದು; ಅದು ಸುಟ್ಟುಹೋದರೂ ಹೊರಗೆ ಗೊತ್ತಾಗುವುದಿಲ್ಲ, ಮನೆಯ ಅರ್ಥಿಂಗ್ ಕಡಿದ ಸಂಗತಿ ಮುಂದಿನ ಶಾಕಿನವರೆಗೆ ಗುಟ್ಟಾಗೇ ಇರುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರನ್ನು ಬಿಚ್ಚದೆ ಬೆಸೆದರೆ ಬೇರಿಂಗು, ಆಲ್ಟರ್ನೇಟರು ಕೆಡಬಹುದು. ಕ್ಲ್ಯಾಂಪು ಯಾವಾಗಲೂ ಬೆಸೆಯುವ ತುಂಡಿನ ಮೇಲೇ, ಬಣ್ಣ-ತುಕ್ಕು ಕೆರೆದ ಜಾಗದಲ್ಲಿ, ಬೆಸುಗೆಯ ಹತ್ತಿರವೇ ಇರಲಿ. ಟ್ರ್ಯಾಕ್ಟರ್ ಮೇಲೇ ಕೆಲಸವಿದ್ದರೆ ಬ್ಯಾಟರಿಯ ತಂತಿ ಬಿಚ್ಚಿ.

ರಾಡಿನ ಕಡೆಯ ವೋಲ್ಟೇಜಿಗೆ ಆರ್‌ಸಿಸಿಬಿ ಕಾವಲಿಲ್ಲ ಎಂಬುದನ್ನೂ ಹೇಳಬೇಕು. ಬೆಸೆಯದೆ ಸುಮ್ಮನೆ ಹಿಡಿದಾಗ ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನಿನ ರಾಡಿನಲ್ಲಿ 70-80 ವೋಲ್ಟ್ ಇರುತ್ತದೆ. ಒದ್ದೆ ಕೈಗವಸು ತೊಟ್ಟು, ಕಬ್ಬಿಣದ ಡಬ್ಬಿಯೊಳಗೆ ಕೂತು ರಾಡು ಬದಲಿಸುವವನಿಗೆ ಅದು ಸಣ್ಣದಲ್ಲ. ಒಣ ತೊಗಲಿನ ಗವಸು, ಕಾಲ ಕೆಳಗೆ ಒಣ ಹಲಗೆ ಇಷ್ಟು ತಪ್ಪಿಸಬಾರದು.

ಈಗ ಮೂರು ಫೇಸಿನ ವಿಚಾರ. ಎಣ್ಣೆ ತುಂಬಿದ ಹಳೆಯ ಮಷಿನುಗಳು ಎರಡು ಫೇಸುಗಳ ನಡುವಿನ 415 ವೋಲ್ಟಿಗೆ ಕೂರುವಂಥವು. ಹೊಲದಲ್ಲಿ ಅವು ಹೆಚ್ಚಾಗಿ ಕೂರುವುದು ಬೋರಿನ ಸ್ಟಾರ್ಟರ್ ಡಬ್ಬಿಯಿಂದ ಎಳೆದ ಎರಡು ತಂತಿಗೆ, ಇಲ್ಲವೇ ನೇರ ಕಂಬದ ಲೈನಿಗೆ ಎಸೆದ ಕೊಕ್ಕೆಗೆ. ಕೊಕ್ಕೆ ಎಸೆಯುವಾಗ ಕಾವಲಿಗೆ ಫ್ಯೂಸಿಲ್ಲ, ಎಂಸಿಬಿ ಇಲ್ಲ, ಮಧ್ಯೆ ಏನೂ ಇಲ್ಲ. ಕೂಡಗಿಯಲ್ಲಿ ಎನ್‌ಟಿಪಿಸಿಯ 800 ಮೆಗಾವಾಟಿನ ಮೂರು ಘಟಕಗಳು, ಆಲಮಟ್ಟಿಯಲ್ಲಿ 290 ಮೆಗಾವಾಟಿನ ಜಲವಿದ್ಯುತ್ ಕೇಂದ್ರ ನಮ್ಮ ಮಗ್ಗುಲಲ್ಲೇ ಇವೆ. ಇಷ್ಟೆಲ್ಲ ಇದ್ದೂ ವೆಲ್ಡಿಂಗ್ ಹಚ್ಚಿದರೆ ಓಣಿಯ ಬಲ್ಬು ಯಾಕೆ ಮಿಣುಕುತ್ತದೆ ಎಂದು ಜನ ಕೇಳುತ್ತಾರೆ. ಉತ್ತರ ಟ್ರಾನ್ಸ್‌ಫಾರ್ಮರಿನ ಕಂಬದ ಮೇಲಿದೆ. ತೋಟದ 25 ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ತಿ ದುಡಿದರೂ ಒಂದು ಫೇಸಿಗೆ ಕೊಡುವುದು ಸುಮಾರು 35 ಆಂಪಿಯರ್. ಹಳೆಯ ಮಷಿನೊಂದು 200 ಆಂಪಿಯರಿನ ಬೆಸುಗೆಗೆ ಎರಡು ಫೇಸಿನಿಂದ ಎಳೆಯುವುದೂ ಹತ್ತಿರ ಹತ್ತಿರ ಅಷ್ಟೇ. ಮೂರನೆಯ ಫೇಸು ಖಾಲಿ, ಎರಡು ಫೇಸು ತುಂಬಿ ತುಳುಕುತ್ತಿರುತ್ತವೆ. ಅದೇ ಹೊತ್ತಿಗೆ ಓಡುತ್ತಿರುವ ನೆರೆಯವರ ಬೋರಿನ ಮೋಟಾರು ಅಸಮ ವೋಲ್ಟೇಜಿಗೆ ಕಾದು ಸುತ್ತು ಸುಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಮೋಟಾರು ಮೇಲೆತ್ತಿಸಿ ರಿವೈಂಡಿಂಗಿಗೆ ಒಯ್ಯುವ ಖರ್ಚು ಏನೆಂದು ಲಿಂಬೆ ಬೆಳೆಯುವ ಇಂಡಿಯವರನ್ನು ಕೇಳಿ.

ಕಾನೂನಿನ ಮಾತು ಇಲ್ಲಿ ಬರುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟು ಕೊಡುವುದು ನೀರೆತ್ತಲು. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ ಪುಕ್ಕಟೆ ಕೊಡುವುದು ಮನೆಬಳಕೆಗೆ. ಈ ಎರಡರಲ್ಲಿ ಯಾವುದರ ಮೇಲಾದರೂ ಊರವರ ಕೆಲಸ ಹಿಡಿದು ದುಡ್ಡು ಪಡೆದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅದು ಅನಧಿಕೃತ ಬಳಕೆ. ಸಲ್ಲಬೇಕಾದ ದರದ ಎರಡು ಪಟ್ಟು ವಸೂಲಾಗುತ್ತದೆ. ಕೊಕ್ಕೆ ಹಾಕಿದರೆ 135ನೇ ಕಲಮು, ಅದು ಕಳವು. ವೆಲ್ಡಿಂಗನ್ನು ದಂಧೆ ಮಾಡುವವರು ಹೆಸ್ಕಾಂ ಶಾಖಾ ಕಚೇರಿಯಲ್ಲಿ ಕೈಗಾರಿಕಾ ವರ್ಗದ, ಅಂದರೆ ಎಲ್‌ಟಿ-5ರ ಸಂಪರ್ಕ ಕೇಳಬೇಕು. ಸ್ವಂತದ ಕುಂಟೆ-ಕೂರಿಗೆಗೆ ಮಾತ್ರ ಎನ್ನುವವರೂ ಮನೆಯ ಮಂಜೂರಾದ ಲೋಡು ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಒಂದು ಕಿಲೋವಾಟಿಗೆ ಮಂಜೂರಾದ ಮನೆಯಲ್ಲಿ ಮೂರು ಕಿಲೋವಾಟಿನ ಮಷಿನ್ ಹಚ್ಚುವ ಮೊದಲು ಲೋಡು ಹೆಚ್ಚಿಸಿಕೊಳ್ಳಲು ಅರ್ಜಿ ಕೊಡಿ. ಯೂನಿಟ್ಟಿನ ಭಯ ಅಷ್ಟಾಗಿ ಬೇಡ: 100 ಆಂಪಿಯರಿನಲ್ಲಿ ಒಂದು ಗಂಟೆ ಪೂರ್ತಿ ಕಿಡಿ ಉರಿದರೂ ಮೂರು ಯೂನಿಟ್ ಆಗುವುದಿಲ್ಲ. ಮೀಟರಿನ ಕಡೆಯ ಕೆಲಸ ಹೆಸ್ಕಾಂನವರದು. ಮೀಟರಿನಿಂದ ಈಚೆಗಿನ ವೈರಿಂಗನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸಬೇಕು. ನೀವೇ ಬೋರ್ಡು ಬಿಚ್ಚಬೇಡಿ. ಲೈನಿನಲ್ಲಿ ತೊಂದರೆ ಕಂಡರೆ 1912ಕ್ಕೆ ಫೋನ್ ಮಾಡಿ.

ಸಾಕೆಟ್ಟಿನ ಜಾಗ ಗೊತ್ತು ಮಾಡುವಾಗ ಒಮ್ಮೆ ಹಿತ್ತಲ ಕಡೆ ನೋಡಿ. ವೆಲ್ಡಿಂಗಿನ ಕಿಡಿ ಹತ್ತು ಮೀಟರಿನವರೆಗೂ ಸಿಡಿದು ಉರುಳುತ್ತದೆ. ಜೋಳದ ಕಣಕಿಯ ಬಣವಿ, ತೊಗರಿ ಹೊಟ್ಟು, ಹತ್ತಿ ಕಟ್ಟಿಗೆಯ ಒಟ್ಟಲು ಅಷ್ಟರೊಳಗೆ ಇರಬಾರದು. ಕೇಬಲ್ ಎಷ್ಟು ದೂರ ತಲುಪುತ್ತದೋ ಅಷ್ಟು ದೂರದವರೆಗೂ ಕೆಲಸ ನಡೆಯುತ್ತದೆ, ಆದ್ದರಿಂದ ಪಾಯಿಂಟು ಬಣವಿಯ ವಿರುದ್ಧ ದಿಕ್ಕಿಗೇ ಇರಲಿ.

ಎಲ್ಲ ಮುಗಿದ ಮೇಲೆ ಗುತ್ತಿಗೆದಾರ ಅರ್ಥ್ ಟೆಸ್ಟರ್ ಹಚ್ಚಿ ಓಮ್ ಎಷ್ಟೆಂದು ಅಳೆದು ತೋರಿಸಬೇಕು. ಆ ಅಂಕಿಯನ್ನೂ ತಾರೀಕನ್ನೂ ಮೀಟರ್ ಬೋರ್ಡಿನ ಒಳಬಾಗಿಲಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಅಳೆದದ್ದನ್ನು ನಂಬಿ ಕೂರಬೇಡಿ. ರೋಹಿಣಿ ಮಳೆಗೆ ಮುಂಚೆ, ಎರೆ ಬಿರಿದು ಬಾಯಿ ತೆರೆದಿರುವ ಮೇ ತಿಂಗಳಲ್ಲಿ ಮತ್ತೊಮ್ಮೆ ಅಳೆಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಎರಡನೆಯ ಪೈಪು ಹೂಳಬೇಕೋ ಬೇಡವೋ ಎಂಬುದನ್ನು ಮೇ ತಿಂಗಳ ಅಂಕಿಯ ಮೇಲೆ ತೀರ್ಮಾನಿಸಿ.